ಗಿರಿಜಕ್ಕನ ವೋಟು

"ಸ್ನೇಹಲತಾ, ಇಪ್ಪತ್ತೇಳು. ಗಿರಿಜ, ಸೊನ್ನೆ." ಕುಂದಾಪುರದ ಮೀನು ಮಾರುವ ಹೆಂಗಸರ ಸಂಘಕ್ಕೆ ಅಧ್ಯಕ್ಷೆಯನ್ನು ಆರಿಸುವ ಸಭೆಯಲ್ಲಿ ಚೀಟಿ ಎಣಿಸಿದ ಮೇಷ್ಟ್ರು ಎರಡನೇ ಸಲವೂ ಅದನ್ನೇ ಓದಿದಾಗ ವನಜ ತಲೆ ತಗ್ಗಿಸಿದಳು.

"ಹ್ವಾಯ್ ಗಿರಿಜಕ್ಕ, ಹೆಸ್ರು ಸೂಚಿಸ್ದವ್ಳ್ ವೋಟೂ ಬೀಳ್ಲಿಲ್ಯಾ?" ಹಿಂದಿನಿಂದ ಯಾರೋ ಕೇಳಿ ನಕ್ಕರು. ಸೂಚಿಸಿದವಳು ವನಜಳೇ. ಮಾರ್ಕೆಟ್ಟಿನಲ್ಲಿ ಅವಳ ಪಕ್ಕದ ಜಾಗ ಗಿರಿಜಕ್ಕನದು. ರಸ್ತೆ ಬದಿಯಿಂದ ಬುಟ್ಟಿ ಎಬ್ಬಿಸಲು ಬಂದವರ ಎದುರು ನಿಂತು ಎಲ್ಲರ ಪರವಾಗಿ ಜಗಳವಾಡಿದವಳೂ ಗಿರಿಜಕ್ಕನೇ. ಆದರೆ ಚೀಟಿ ಕೈಗೆ ಬಂದಾಗ ವನಜಳ ಕಣ್ಣಿಗೆ ಕಟ್ಟಿದ್ದು ಅಧ್ಯಕ್ಷೆಯಾದವಳು ಹೋಗಿ ಕೂರಬೇಕಾದ ದೊಡ್ಡ ಆಫೀಸಿನ ಕುರ್ಚಿ, ಅದರಲ್ಲಿ ಸೆರಗಿಗೆ ಮೀನಿನ ಹುರುಪೆ ಅಂಟಿಸಿಕೊಂಡು ಕುಳಿತ ಗಿರಿಜಕ್ಕ. ಇಸ್ತ್ರಿ ಸೀರೆಯ ಸ್ನೇಹಲತಾಳೇ ಅಲ್ಲಿಗೆ ಸರಿ ಅನ್ನಿಸಿ ಗುರುತು ಹಾಕಿಬಿಟ್ಟಿದ್ದಳು.

ಗಿರಿಜಕ್ಕ ಬಂದು ಪಕ್ಕದಲ್ಲೇ ಕುಳಿತಳು.

"ನಂಗೆ ಎರಡ್ ಬೈ ಗಿರಿಜಕ್ಕ," ಎಂದಳು ವನಜ, ಮುಖ ಎತ್ತದೆ.

"ಎಂತಕೆ ಬೈಯುದ್ ಮಾರಾಯ್ತಿ?" ಗಿರಿಜಕ್ಕ ತನ್ನ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿ, ಮೆಲ್ಲನೆ ಸೆರಗಿನೊಳಗೆ ಎಳೆದುಕೊಂಡಳು. "ನಾನೂ ಸ್ನೇಹಲತಂಗೇ ಹಾಕ್ದೆ. ಈ ವಾಸ್ನಿ ಹೊತ್ಕಂಡ್ ಆಫೀಸರ್ ಎದ್ರಿಗೆ ಹ್ಯಾಂಗ್ ಕೂಕಂಬುದ್?"