ಒಂದೇ ದೀಪ

“‘ಎ ಗ್ಲೂಮಿ ಡೆನ್, ಲಿಟ್ ಬೈ ಎ ಸಿಂಗಲ್ ಸ್ಮೋಕಿ ಲ್ಯಾಂಪ್’. ಅಂದ್ರ, ಹೊಗೆ ಕಾರೋ ಒಂದೇ ದೀಪದ ಮಬ್ಬು ಗವಿ” ಎಂದು ಗುಮಾಸ್ತ ಬೊಮ್ಮಪ್ಪ ತಾನು ಬರೆದದ್ದನ್ನು ಓದಿ ಬಿಡಿಸಿ ಹೇಳಿದಾಗ ರಾಯದುರ್ಗದ ಚಾವಡಿಯಲ್ಲಿ ಎಲ್ಲರೂ “ಭೇಷ್!” ಎಂದರು. ಹೆಂಡದಂಗಡಿ ಮುಚ್ಚಿಸಬೇಕೆಂದು ಪಾನನಿರೋಧ ಸಂಘ ಬಳ್ಳಾರಿಯ ಕಲೆಕ್ಟರ್ ದೊರೆಗೆ ಕಳಿಸುವ ಅರ್ಜಿ ಅದು.

ಸಂಘದ ಅಧ್ಯಕ್ಷ ಉಜ್ಜಿನಪ್ಪ ಮೇಷ್ಟ್ರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಯಿತು. ಮೂವತ್ತು ವರ್ಷ ಊರಿನ ಅರ್ಜಿಗಳ ಇಂಗ್ಲಿಷೆಲ್ಲ ಅವರದೇ. ಒಬ್ಬರಾದರೂ ಹೀಗೆ ಭೇಷ್ ಅಂದಿರಲಿಲ್ಲ. ಹೆಂಡಕ್ಕೆ ಗಂಡನನ್ನು ಕಳೆದುಕೊಂಡ ಮೈಲಾರಮ್ಮ ಕೂಡ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ನಿನ್ನೆ ಮೊನ್ನೆ ಬಂದ ಆ ಗುಮಾಸ್ತನ ಬಾಯನ್ನೇ ನೋಡುತ್ತಿದ್ದಳು!

ಮೇಷ್ಟ್ರು ಹಾಳೆ ಕಸಿದುಕೊಂಡು ‘ಸಿಂಗಲ್’ ಎಂಬುದನ್ನು ಗೀಚಿ ಹೊಡೆದುಹಾಕಿದರು. “ಬರೆಯೋದಾದ್ರ ಸರಿಯಾಗಿ ಬರೀಬೇಕಪ್ಪ! ಆ ಅಂಗಡ್ಯಾಗ ದೀಪ ಒಂದಲ್ಲ, ಎರಡು. ಇನ್ನೊಂದು ಗೋಣಿ ಪರದೆ ಹಿಂದ, ಗ್ವಾಡಿ ಗೂಡಿನಾಗ ಐತಿ. ಅದಕ್ಕ ಹಸಿರು ಗಾಜು. ಅಲ್ಲಿ ಕುಂತೋರ ಮುಖ ಗುರ್ತು ಸಿಗಂಗಿಲ್ಲ. ಅದಕ್ಕ ‘ಎ ಗ್ರೀನ್ ಟ್ವೈಲೈಟ್’, ಹಸಿರು ಮುಚ್ಚಂಜೆ, ಅನ್ಬೇಕು!”

ಈ ಸಲ ಭೇಷ್ ಬದಲು ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿದ್ದವು. ಮೇಷ್ಟ್ರ ಲೇಖನಿ ಹಾಳೆಯ ಮೇಲೆ ಊರಿದಲ್ಲೇ ಉಳಿದು, ಮಸಿ ಹರಡತೊಡಗಿತು.

ಮೈಲಾರಮ್ಮ ಮುಂದೆ ಬಂದು ಹೆಬ್ಬೆಟ್ಟು ಒತ್ತಿದಳು. “ಮೇಷ್ಟ್ರು ಹೇಳಿದಂಗ ಬರೀರಿ ಬೊಮ್ಮಪ್ಪ” ಎಂದಳು. “ಕಣ್ಣಾರೆ ಕಂಡೋರು ಅವ್ರು.”