ಕಂಬಳಿ ಕೊಟ್ಟ ದಿನದ ಫೋಟೊ

“ಸಮಾಜಸೇವೆ ಅಂತ ಮಾತ್ರ ಹೇಳಬೇಡಿ, ಅದನ್ನ ಎಲ್ಲರೂ ಹೇಳ್ತಾರೆ. ನಿಜವಾದ ಕಾರಣ ಹೇಳಿ,” ಎಂದು ಸೇವಾ ಕ್ಲಬ್ಬಿನ ಅಧ್ಯಕ್ಷರು ನಕ್ಕರು. ಸದಸ್ಯನಾಗಲು ಬಂದಿದ್ದ ಕ್ಷೌರಿಕ ಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟ. ಆಸ್ಪತ್ರೆಯ ಮಂಚ, ಒಂದೇ ಕಂಬಳಿಯನ್ನು ಹಿಡಿದು ನಿಂತ ಆರು ಮಂದಿ ಸದಸ್ಯರು, ಅವರ ನಡುವೆ ಜಾಗ ಸಿಕ್ಕಷ್ಟು ಕಾಣುವ ಅವನ ಹೆಂಡತಿ. ಬಾಯ್ತುಂಬ ನಗುತ್ತಿದ್ದಾಳೆ.

“ತೀರ್ಕೊಳ್ಳೋಕೆ ಸ್ವಲ್ಪ ಮುಂಚೆ ತೆಗೆದಿದ್ದು ಸಾರ್. ಇಷ್ಟು ವರ್ಷ ನನ್ನ ಜೊತೆ ಬಾಳಿದ್ಲು, ಒಂದ್ಸಲಾನೂ ಹೀಗೆ ನಕ್ಕಿರಲಿಲ್ಲ. ಅಂಗಡಿಗೆ ಬಂದೋರನ್ನೆಲ್ಲ ನಗಿಸ್ತೀನಿ, ಅವಳ ಹತ್ರ ಮಾತ್ರ ನನ್ನ ಬೇಳೆ ಬೇಯ್ಲಿಲ್ಲ. ನೀವೇನು ಹೇಳಿ ನಗಿಸಿದ್ರಿ ಅಂತ ತಿಳ್ಕೋಬೇಕು. ಅದನ್ನ ಕಲ್ತ್ರೆ ನಾನೂ ನಿಮ್ಮ ಜೊತೆ ವಾರ್ಡಿಗೆ ಬರ್ತೀನಿ.”

ಅಧ್ಯಕ್ಷರು ಕಾರ್ಯದರ್ಶಿಯತ್ತ ನೋಡಿದರು. ಫೋಟೊ ತೆಗೆಯುವುದು ಅವರ ಪಾಲಿನ ಸೇವೆ. “ಅಯ್ಯೋ, ಅದಾ? ಎಲ್ಲರಿಗೂ ಹೇಳೋದೇ,” ಎಂದರು ಕಾರ್ಯದರ್ಶಿ. “ನಗದಿದ್ರೆ ಕಂಬಳಿ ವಾಪಸ್ ತಗೊಂಡು ಹೋಗ್ತೀವಿ ಅಂತೀನಿ. ಸುಮ್ನೆ ತಮಾಷೆಗೆ.”

ಕ್ಷೌರಿಕ ಫೋಟೊವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

“ಅವಳಿಗೆ ತಮಾಷೆ ಯಾವತ್ತೂ ಅರ್ಥ ಆಗ್ತಿರಲಿಲ್ಲ ಸಾರ್,” ಎಂದ. “ಚಳಿ ತಡ್ಕೊಳ್ಳೋಕೂ ಆಗ್ತಿರಲಿಲ್ಲ.”