ಉಕ್ಕಿನ ಪೇಟ

ಉಕ್ಕಿನ ಪೇಟ ಒಮ್ಮೆ ತಲೆಗೇರಿತು ಅಂದರೆ ಊರಿನ ಗಣ್ಯರು ಅದನ್ನು ಇಳಿಸುವ ಹಾಗಿಲ್ಲ. ಪ್ರತಿ ಸನ್ಮಾನಕ್ಕೂ ಅದರ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡುವುದು ಪದ್ಧತಿ. ಗುರುಲಿಂಗಯ್ಯನವರ ಪೇಟವಂತೂ ನೋಡಿದವರ ಹೊಟ್ಟೆ ಉರಿಯುವಷ್ಟು ಬಿಗಿಯಾಗಿತ್ತು. ಅವರ ಕಣ್ಣುಗುಡ್ಡೆ ಹೊರಬಂದಾಗ ಜನ ತೇಜಸ್ಸು ಅಂದರು, ಮಾತು ಮರೆತಾಗ ಗಾಂಭೀರ್ಯ ಅಂದರು.

ಅವತ್ತು ಮತ್ತೊಂದು ಸನ್ಮಾನ. ಪುರಭವನದ ವೇದಿಕೆಯ ಹಿಂದೆ ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಗುರುಲಿಂಗಯ್ಯನವರ ಹೆಂಡತಿ ಸರ್ವಮಂಗಳಮ್ಮನಿಗೆ ತೋರಿಸಿದರು.

"ಒತ್ತಡಕ್ಕೆ ರಕ್ತನಾಳಗಳು ಚಪ್ಪಟೆ ಆಗಿವೆ ಕಣಮ್ಮ. ರಕ್ತ ಸಿಗದೆ ಮಿದುಳು ಅಲ್ಲಲ್ಲಿ ಸಾಯ್ತಾ ಇದೆ. ಸತ್ತಿದ್ದು ಮತ್ತೆ ಚಿಗುರಲ್ಲ."

"ಹಾಗಾದ್ರೆ ತಿರುಪು ಸಡಿಲ ಮಾಡಿ ಡಾಕ್ಟ್ರೇ!"

"ಅಯ್ಯೋ, ಸಡಿಲ ಮಾಡಿದ್ರೆ ಅವರ ಮರ್ಯಾದೆ ಏನಾಗ್ಬೇಕು?" ಎನ್ನುತ್ತಾ ಡಾಕ್ಟರು ತಮ್ಮ ತಲೆಯ ಮೇಲಿನ ಪೇಟವನ್ನೂ ಒಮ್ಮೆ ಮುಟ್ಟಿ ನೋಡಿಕೊಂಡರು.

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ!" ಸರ್ವಮಂಗಳಮ್ಮ ಸನ್ಮಾನದ ತಟ್ಟೆಗೆ ಕೈ ಹಾಕಿ, ಶಾಲು ಮತ್ತು ಹಣ್ಣಿನ ನಡುವೆ ಇಟ್ಟಿದ್ದ ಸ್ಪ್ಯಾನರನ್ನು ಎತ್ತಿಕೊಂಡು, ಕುರ್ಚಿಯಲ್ಲಿ ಕೂತಿದ್ದ ಗಂಡನ ಮುಂದೆ ಹೋಗಿ ನಿಂತಳು.

ಗುರುಲಿಂಗಯ್ಯನವರು ಮೊದಲು ಸ್ಪ್ಯಾನರನ್ನು ನೋಡಿದರು. ಮುಖ ಅರಳಿತು. ಆಮೇಲೆ ಜೊತೆಯಲ್ಲಿ ಇಷ್ಟು ವರ್ಷ ಬಾಳಿದ ಹೆಂಡತಿಯ ಮುಖವನ್ನು ದಿಟ್ಟಿಸಿ, ಎದ್ದು ಭಕ್ತಿಯಿಂದ ಕೈ ಮುಗಿದರು.

"ತಾವು ಯಾವ ಸಂಘದವರು ತಾಯಿ?" ಎಂದು ಕೇಳಿ ತಲೆ ಬಗ್ಗಿಸಿದರು. "ಸಂಕೋಚ ಬೇಡ, ಬಿಗಿ ಮಾಡಿ."